ಸಣ್ಣ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಬಹುದೇ?

ಪ್ರಶ್ನೆ: ನಾನು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಮನೆಗೆ ಹತ್ತಿರದ ಕಾಲೇಜಿನ ಬಿ.ಎ.ಯಲ್ಲಿ ಪತ್ರಿಕೋದ್ಯಮ ಒಂದು ವಿಷಯವಾಗಿದೆ. ಆದರೆ ತರಗತಿಯಲ್ಲಿ ಹದಿನೈದು ಮಂದಿಯೂ ಇಲ್ಲ, ಸ್ಟುಡಿಯೊ ಇಲ್ಲ, ಇರುವುದು ಒಂದೇ ಕ್ಯಾಮೆರಾ. ಸಾಲ ಮಾಡಿಯಾದರೂ ಬೆಂಗಳೂರಿಗೆ ಹೋಗು ಎಂದು ಅಣ್ಣ ಹೇಳುತ್ತಾನೆ. ಏನು ಮಾಡಲಿ?
— ಓರ್ವ ವಿದ್ಯಾರ್ಥಿನಿ, ಅಂಕೋಲಾ ತಾಲ್ಲೂಕು

ಉತ್ತರ: ಪದವಿಯನ್ನು ಊರಿನ ಕಾಲೇಜಿನಲ್ಲೇ ಓದಿ, ಈಗಲೇ ಸಾಲ ಬೇಡ. ಸ್ಟುಡಿಯೊ ಇಲ್ಲದಿರುವುದು ಕೊರತೆಯೇ ಹೌದು. ಧ್ವನಿಮುದ್ರಣ, ವಿಡಿಯೊ ಸಂಕಲನಗಳನ್ನು ಕೈಯಾರೆ ಮಾಡದೆ ಕಲಿಯಲಾಗದು. ಆದರೆ ಯಂತ್ರದ ಕೆಲಸ ತರಬೇತಿಯ ಕೆಲವು ತಿಂಗಳುಗಳಲ್ಲಿ ಕೈಗೆ ಹತ್ತುತ್ತದೆ. ಸುದ್ದಿಯನ್ನು ಗುರುತಿಸಿ, ವಿಚಾರಿಸಿ, ಸರಿಯಾಗಿ ಬರೆಯುವುದಕ್ಕೆ ವರ್ಷಗಳೇ ಬೇಕು.

ನಿಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ಕೇರಳದಿಂದಲೂ ವಾಹಿನಿಗಳವರು ಬಂದು ಗಂಗಾವಳಿಯ ದಂಡೆಯಲ್ಲಿ ಬೀಡುಬಿಟ್ಟಿದ್ದನ್ನು ನೀವು ಕಂಡಿರಬಹುದು. ಕಾಣೆಯಾಗಿದ್ದ ಕೇರಳದ ಲಾರಿ ಚಾಲಕರ ದೇಹ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅದೇ ಮಣ್ಣು ನದಿಗೆ ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯಲ್ಲಿ ಮನೆಗಳನ್ನು ಕೆಡವಿತ್ತು. ಆ ಮನೆಗಳ ಸುದ್ದಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲವೆಂದು ನನಗೆ ಈಗಲೂ ಅನಿಸುತ್ತದೆ. ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಯಾರ ಮನೆ ಎದ್ದಿತು, ಯಾರದು ಹಾಗೆಯೇ ಉಳಿಯಿತು ಎಂದು ಕೇಳಿ ಬರೆಯುವುದು ದಿನಕ್ಕೊಂದು ಊರು ಸುತ್ತುವ ವರದಿಗಾರರಿಗೆ ಸಾಧ್ಯವಾಗದು, ಬಸ್ಸಿನಲ್ಲಿ ಹೋಗಿಬರಬಲ್ಲ ನಿಮಗೆ ಸಾಧ್ಯ. ಪರಿಹಾರದ ದಾಖಲೆ ಬೇಕಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಮೊದಲ ವರ್ಷದಲ್ಲೇ ಇಂಥ ಒಂದು ಅರ್ಜಿ ಬರೆದು ನೋಡಿ.

ಭಾಷೆಯೂ ನಿಮ್ಮ ಬಂಡವಾಳ. ಕಾರವಾರದ ಕೊಂಕಣಿ, ಹಾಲಕ್ಕಿ ಒಕ್ಕಲಿಗರ ಕನ್ನಡ, ಶಿರಸಿ ಕಡೆಯ ಹವ್ಯಕ ಕನ್ನಡ ಇವುಗಳಲ್ಲಿ ಜನ ಹೇಳಿದ್ದನ್ನು ಅರ್ಥ ಕೆಡದಂತೆ ಗ್ರಾಂಥಿಕ ಕನ್ನಡಕ್ಕೆ ತರಬಲ್ಲವರು ಸುದ್ದಿಮನೆಗೆ ಬೇಕು. ಜೊತೆಗೆ ‘ನುಡಿ’ ಎಂಬ ಕನ್ನಡ ತಂತ್ರಾಂಶ ಮತ್ತು ಯುನಿಕೋಡ್ ಎರಡರಲ್ಲೂ ವೇಗವಾಗಿ ಬೆರಳಚ್ಚು ಮಾಡುವುದನ್ನು ಈ ರಜೆಯಲ್ಲೇ ಕಲಿಯಿರಿ.

ಪ್ರವೇಶ ಪಡೆಯುವ ಮೊದಲು ಅಧ್ಯಾಪಕರನ್ನು ಕಂಡು, ವಿದ್ಯಾರ್ಥಿಗಳು ಬರೆದ ವರದಿಗಳನ್ನು ತಿದ್ದಿ ಹಿಂದಿರುಗಿಸುತ್ತಾರೆಯೇ, ಭಿತ್ತಿಪತ್ರಿಕೆಯೋ ಪ್ರಾಯೋಗಿಕ ಪತ್ರಿಕೆಯೋ ಇದೆಯೇ ಎಂದು ಕೇಳಿ. ಹದಿನೈದು ಮಂದಿಯ ತರಗತಿಯಲ್ಲಿ ಪ್ರತಿಯೊಬ್ಬರ ಬರಹಕ್ಕೂ ಕೆಂಪು ಶಾಯಿ ಬೀಳಬಹುದು; ಬೀಳದಿದ್ದರೆ ಸಣ್ಣ ತರಗತಿಯಿಂದ ಪ್ರಯೋಜನವಿಲ್ಲ, ಬೇರೆ ಕಾಲೇಜು ನೋಡಿ.

ರಜೆಗಳಲ್ಲಿ ಕಾರವಾರದ ಆಕಾಶವಾಣಿ ಕೇಂದ್ರದಲ್ಲೋ ಪತ್ರಿಕೆಗಳ ಜಿಲ್ಲಾ ಕಚೇರಿಗಳಲ್ಲೋ ತರಬೇತಿಗೆ ಅವಕಾಶವಿದೆಯೇ ಎಂದು ವಿಚಾರಿಸಿ. ಸ್ನಾತಕೋತ್ತರ ಪದವಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಅಣ್ಣನ ಮಾತನ್ನು ತಳ್ಳಿಹಾಕಬೇಡಿ. ಪದವಿಯ ನಂತರ ಅಚ್ಚಾದ ವರದಿಗಳ ಕಡತ ಹಿಡಿದು ಬೆಂಗಳೂರಿಗೆ ಹೋಗುತ್ತೇನೆ, ಸಾಲದ ವಿಚಾರವನ್ನು ಆಗ ನೋಡೋಣ ಎಂದು ಅವರಿಗೆ ತಿಳಿಸಿ.