ಮಗನ ಸೀಟು, ಅಮ್ಮನ ರ‍್ಯಾಂಕು

ಪ್ರಶ್ನೆ: ನನಗೆ 39 ವರ್ಷ. ಪ್ರವೇಶ ಪರೀಕ್ಷೆ ಪಾಸಾದವರನ್ನಷ್ಟೇ ಸೇರಿಸಿಕೊಳ್ಳುವ ಹೈಸ್ಕೂಲಿನಲ್ಲಿ ಓದಿದವಳು. ಅಲ್ಲಿಯವರೆಗೆ ಕ್ಲಾಸಿಗೇ ಫಸ್ಟ್ ಬರುತ್ತಿದ್ದೆ, ಅಲ್ಲಿ ಕೊನೆಯ ಐವರಲ್ಲಿ ಒಬ್ಬಳಾದೆ. ಈಗ ಒಳ್ಳೆಯ ಕೆಲಸವಿದೆ. ಆದರೂ ಮೀಟಿಂಗಿನಲ್ಲಿ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸುಮ್ಮನಿರುತ್ತೇನೆ. ಬೇರೆಯವರು ಅದನ್ನೇ ಹೇಳಿದ ಮೇಲೆ ಟಿಕ್ ಹಾಕಿಕೊಳ್ಳುತ್ತೇನೆ. ಈಗ 11 ವರ್ಷದ ಮಗನಿಗೆ ಅಂಥದ್ದೇ ಶಾಲೆಯಲ್ಲಿ ಸೀಟು ಸಿಕ್ಕಿದೆ. ಗಂಡನಿಗೆ ಖುಷಿಯೋ ಖುಷಿ, ನನಗೆ ಸಂಕಟ. ಕಳಿಸಬೇಕಾ, ಬೇಡವಾ?

ಉತ್ತರ: ಆ ಟಿಕ್‌ಗಳನ್ನು ಒಮ್ಮೆ ಎಣಿಸಿ ನೋಡಿ. ನೀವು ದಡ್ಡಿಯಲ್ಲ ಅನ್ನುವುದಕ್ಕೆ ನನ್ನ ಮಾತಿಗಿಂತ ಅದೇ ಒಳ್ಳೆ ಸಾಕ್ಷಿ. ಜಾಣರನ್ನೇ ಹೆಕ್ಕಿ ಕೂರಿಸಿದ ಕ್ಲಾಸಿನಲ್ಲೂ ಯಾರಾದರೂ ಕೊನೆಗೆ ಬರಲೇಬೇಕು ಅಲ್ವಾ? ಹರ್ಬರ್ಟ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ಇದನ್ನು ತೋರಿಸಿದ್ದರು: ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ, ಜಾಣರೇ ಜಾಸ್ತಿ ಇರುವ ಶಾಲೆಗೆ ಹೋದವರಿಗೆ ತಮ್ಮ ಓದಿನ ಮೇಲೆ ನಂಬಿಕೆ ಕಡಿಮೆ.

ಇದು ಹೈಸ್ಕೂಲಿಗೇ ಮುಗಿಯುವುದಿಲ್ಲ. ಅಮೆರಿಕದಲ್ಲಿ 1960ರಲ್ಲಿ ಹೈಸ್ಕೂಲಿನಲ್ಲಿದ್ದವರನ್ನು 11 ವರ್ಷ ಮತ್ತು 50 ವರ್ಷದ ನಂತರ ಮತ್ತೆ ವಿಚಾರಿಸಿದ ಅಧ್ಯಯನವೊಂದಿದೆ. ಸಹಪಾಠಿಗಳ ಸರಾಸರಿ ಮಟ್ಟ ಎತ್ತರವಿದ್ದ ಶಾಲೆಯವರು, ಅಷ್ಟೇ ಜಾಣರಾದ ಬೇರೆಯವರಿಗಿಂತ ಓದಿನಲ್ಲೂ ಸಂಬಳದಲ್ಲೂ ತುಸು ಹಿಂದಿದ್ದರು. 'ನನ್ನಿಂದ ಇಷ್ಟೇ ಆಗೋದು' ಅಂತ ಆಸೆಯನ್ನೇ ತಗ್ಗಿಸಿಕೊಂಡದ್ದು ಒಂದು ಕಾರಣ.

ಹಾಗಂತ ಹೆದರಿ ಸೀಟು ಬಿಡಬೇಡಿ. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹುಟ್ಟಿ ಇಂಥ ಶಾಲೆ ಸೇರಿದವರು ಹೆಚ್ಚು ಓದಿದರು. ಹೆಣ್ಣುಮಕ್ಕಳ ಆದಾಯವೂ ಏರಿತು, ಗಂಡುಮಕ್ಕಳದ್ದು ಹೇಳಿಕೊಳ್ಳುವಷ್ಟು ಏರಲಿಲ್ಲ. ನಿಮ್ಮೆಜಮಾನರಿಗೂ ಒಂದು ಮಾತು: ಬಾಸ್ಟನ್, ನ್ಯೂಯಾರ್ಕ್‌ಗಳ ಇಂಥ ಶಾಲೆಗಳಿಗೆ ಕೂದಲೆಳೆಯಲ್ಲಿ ಸೀಟು ಪಡೆದವರಿಗೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರಿಗೂ ಮುಂದಿನ ಪರೀಕ್ಷೆಗಳ ಅಂಕದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಸೀಟು ಸಿಕ್ಕಿತೆಂದು ಬದುಕು ಗೆದ್ದಂತೆಯೂ ಅಲ್ಲ, ಬಿಟ್ಟರೆ ಕೆಟ್ಟಂತೆಯೂ ಅಲ್ಲ.

ನನಗೆ ಎದ್ದು ಕಂಡದ್ದು ಬೇರೆ. ಇಡೀ ಪತ್ರದಲ್ಲಿ ಮಗನ ಮಾತು ಒಂದೂ ಇಲ್ಲ! ಅವನಿಗೆ ಕಷ್ಟದ ಲೆಕ್ಕ ಸಿಕ್ಕರೆ ಖುಷಿಯಾ, ಕಿರಿಕಿರಿಯಾ? ಆಟದಲ್ಲಿ ಸೋತರೆ ಇನ್ನೊಂದು ಆಟ ಕೇಳುತ್ತಾನಾ, ಎದ್ದು ಹೋಗುತ್ತಾನಾ? ಅವನ ಹತ್ತಿರ ಕೂತು ಮಾತಾಡಿ. ಆ ಹೈಸ್ಕೂಲಿನಲ್ಲಿ ನೀವು ಕಳೆದ ವರ್ಷಗಳ ಕಥೆಯನ್ನೂ ಹೇಳಿ, ಆದರೆ ಎಚ್ಚರಿಕೆಯ ದನಿಯಲ್ಲಿ ಬೇಡ.

ಆಮೇಲೆ ಶಾಲೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಕ್ಲಾಸಿನಲ್ಲಿ ಕೊನೆಗೆ ಬರುವ ಮಕ್ಕಳಿಗೆ ನೀವೇನು ಮಾಡ್ತೀರಿ?" 'ನಮ್ಮಲ್ಲಿ ಅಂಥವರು ಯಾರೂ ಇಲ್ಲ' ಅಂದರೆ ನಾನಾದರೆ ಅಲ್ಲಿಂದಲೇ ವಾಪಸ್ ಬರುತ್ತೇನೆ. ಆ ಮಕ್ಕಳ ಬಗ್ಗೆ ವಿವರವಾಗಿ, ಅಕ್ಕರೆಯಿಂದ ಹೇಳಿದರೆ ಮತ್ತು ಮಗನಿಗೂ ಮನಸ್ಸಿದ್ದರೆ ಕಳಿಸಿ.

ಕಳಿಸುವುದಾದರೆ, ಮನೆಯಲ್ಲಿ ರ‍್ಯಾಂಕ್ ಕೇಳುವುದಿಲ್ಲ ಅಂತ ಗಂಡ ಹೆಂಡತಿ ಇಬ್ಬರೂ ಈಗಲೇ ಒಪ್ಪಿಕೊಳ್ಳಿ. ಅಜ್ಜ ಅಜ್ಜಿಗೂ ಹೇಳಿಬಿಡಿ. ಒಂದು ವರ್ಷ ನೋಡಿ. ಅವನು ಮಂಕಾಗುತ್ತಿದ್ದಾನೆ ಅನಿಸಿದರೆ ಶಾಲೆ ಬದಲಿಸಬಹುದು. ಆ ಮಾತನ್ನು ಸೇರುವ ಮುಂಚೆಯೇ ಅವನಿಗೆ ಹೇಳಿರಿ.