ನಡುರಾತ್ರಿಯ ನೀಲಿ ದೀಪಕ್ಕೆ ಯಾವ ಟೇಪ್?

ಪ್ರಶ್ನೆ: ಮಲಗುವ ಕೋಣೆಯಲ್ಲಿರುವ ರೌಟರಿನ ನೀಲಿ ದೀಪ ರಾತ್ರಿಯೆಲ್ಲ ಗೋಡೆ ಬೆಳಗುತ್ತದೆ. ವೈರಿಗೆ ಸುತ್ತುವ ಕಪ್ಪು ಟೇಪ್ ಅಂಟಿಸಿದೆ. ಈಗ ದೀಪ ಉರಿಯುತ್ತಿದೆಯೋ ಆರಿದೆಯೋ ಎಂದೇ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಟೇಪ್ ಜಾರಿ, ಅಂಟು ಮಾತ್ರ ಉಳಿದುಕೊಂಡಿದೆ. ದೀಪ ಮುಚ್ಚಿದರೆ ಒಳಗೆ ಬಿಸಿಯೇರಿ ರೌಟರ್ ಕೆಡುತ್ತದೆ ಎಂದು ಮನೆಯವರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಹೆದರಿಕೆಯನ್ನು ಬಗೆಹರಿಸೋಣ. ಇಂಥ ಪುಟ್ಟ ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಹರಿಯುವುದು 20 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ ವಿದ್ಯುತ್. ಮೂರು ವೋಲ್ಟಿನ ಲೆಕ್ಕ ಹಿಡಿದರೂ 60 ಮಿಲಿವ್ಯಾಟ್ ದಾಟುವುದಿಲ್ಲ. ಅದರ ಮೇಲೆ ಉಗುರಗಲದ ಟೇಪ್ ಕೂತರೆ ಕೆಡುವಂಥದ್ದೇನೂ ಇಲ್ಲ. ಗಾಳಿಯಾಡುವ ಸೀಳುಗಳ ಮೇಲೂ ಟೇಪ್ ಹಬ್ಬಿಸಿದರೆ ಮಾತ್ರ ಮನೆಯವರ ಮಾತು ನಿಜವಾದೀತು. ಟೇಪ್ ಹುಡುಕುವ ಮೊದಲು ರೌಟರಿನ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ. ದೀಪ ಆರಿಸುವ ಆಯ್ಕೆ ಎಷ್ಟೋ ಮಾದರಿಗಳಲ್ಲಿ ಇರುತ್ತದೆ.

ಇನ್ನು ನೀಲಿಯೇ ಏಕೆ ಇಷ್ಟು ಕಾಡುತ್ತದೆ? ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರವಾದ ನೀಲಿ ಸಿದ್ಧವಾದದ್ದು 1990ರ ದಶಕದ ಆರಂಭದಲ್ಲಿ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಂದಿತು. ತೊಂದರೆ ಇರುವುದು ನಮ್ಮ ಕಣ್ಣಿನಲ್ಲಿ. ಕತ್ತಲಲ್ಲಿ ಕೆಲಸ ಮಾಡುವ ದಂಡಕೋಶಗಳು ಸುಮಾರು 500 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಅತಿ ಚುರುಕು. ನೀಲಿ ಎಲ್‌ಇಡಿ ಅದರ ನೆರೆಯಲ್ಲೇ, 465ರ ಆಸುಪಾಸಿನಲ್ಲಿ ಹೊಳೆಯುತ್ತದೆ. 630 ದಾಟಿದ ಕೆಂಪು ಬೆಳಕು ಆ ಕೋಶಗಳಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಗಲಲ್ಲಿ ಸೌಮ್ಯವಾಗಿದ್ದ ನೀಲಿ ಚುಕ್ಕೆ, ಕೋಣೆಯ ದೀಪ ಆರಿಸಿದೊಡನೆ ಕಣ್ಣಿಗೆ ಚುಚ್ಚುವುದು ಇದರಿಂದಲೇ.

ಮಬ್ಬು ಸಾಕಾಗಿದ್ದ ಕಡೆ ನೀವು ಪೂರ್ತಿ ಕತ್ತಲೆ ಮಾಡಿಕೊಂಡಿದ್ದೀರಿ. ಕಪ್ಪು ಪಿವಿಸಿ ಟೇಪಿನ ಅಂಟು ಬೆಚ್ಚಗಿನ ಮೈಮೇಲೆ ಮೆತ್ತಗಾಗಿ ಒಸರುತ್ತದೆ, ಜಾರಿದ್ದು ಅದಕ್ಕೇ. ಬಣ್ಣ ಬಳಿಯುವವರು ಅಂಚಿಗೆ ಹಚ್ಚುವ ಕಾಗದದ ಮಾಸ್ಕಿಂಗ್ ಟೇಪ್ ತನ್ನಿ. ಅದು ಬೆಳಕನ್ನು ಸೋಸಿ ಹರಡುತ್ತದೆ, ಕೀಳುವುದೂ ಸುಲಭ. ಒಂದು ಪದರದಿಂದ ನಿಮಗೆ ಸಮಾಧಾನವಾಗದು. ಬೆಳಕು ಅರ್ಧಕ್ಕೆ ಇಳಿದರೂ ಕಣ್ಣಿಗೆ ಅದು ಅರ್ಧವೆನಿಸುವುದಿಲ್ಲ. ಪದರವೊಂದು ಅರ್ಧ ಬೆಳಕು ತಡೆಯುತ್ತದೆ ಎಂದುಕೊಂಡರೆ, ಮೂರು ಪದರಕ್ಕೆ ಎಂಟನೇ ಒಂದು ಭಾಗ ಉಳಿಯುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ನೆಮ್ಮದಿ.

ಎಷ್ಟು ಪದರ ಎಂಬುದನ್ನು ಹಗಲಲ್ಲಿ ತೀರ್ಮಾನಿಸಬೇಡಿ. ಕೋಣೆಯ ದೀಪ ಆರಿಸಿ ಇಪ್ಪತ್ತು ನಿಮಿಷ ಮಲಗಿ, ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ನೋಡಿ. ಕಾಗದ ತೂತು ಮಾಡುವ ಪಂಚಿನಲ್ಲಿ ಟೇಪಿನ ದುಂಡು ಬಿಲ್ಲೆ ಕತ್ತರಿಸಿದರೆ ಅಚ್ಚುಕಟ್ಟಾಗಿ ಕೂರುತ್ತದೆ. ಅದು ಚಿಕ್ಕದೆನಿಸಿದರೆ ಚೌಕ ಕತ್ತರಿಸಿ, ಒಂದು ಅಂಚನ್ನು ಎರಡು ಮಿಲಿಮೀಟರಿನಷ್ಟು ಒಳಕ್ಕೆ ಮಡಚಿ ಅಂಟಿಸಿ. ಮುಂದೆ ಕೀಳುವಾಗ ಉಗುರಿಗೆ ಹಿಡಿ ಸಿಗುತ್ತದೆ. ಕಪ್ಪು ಟೇಪೇ ಬೇಕೆಂಬ ಹಟವಿದ್ದರೆ, ಅಂಟಿಸುವ ಮೊದಲು ಸೂಜಿಯಿಂದ ಒಂದು ರಂಧ್ರ ಚುಚ್ಚಿ. ನಕ್ಷತ್ರದಷ್ಟು ಬೆಳಕು ಮಾತ್ರ ಹೊರಬರುತ್ತದೆ. ಅಲ್ಯೂಮಿನಿಯಂ ಟೇಪ್ ಬೇಡ. ಅದು ವಿದ್ಯುತ್ ಹರಿಸುತ್ತದೆ, ತಂತಿ ಸಿಕ್ಕಿಸುವ ಕಿಂಡಿಗಳ ಬಳಿ ಅದಕ್ಕೆ ಕೆಲಸವಿಲ್ಲ.

ಟಿವಿಯ ಬಳಿ ಸ್ವಲ್ಪ ಎಚ್ಚರ ಬೇಕು. ದೀಪದ ಪಕ್ಕದ ಕಪ್ಪು ಕಿಟಕಿಯಲ್ಲಿ ರಿಮೋಟಿನ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಸಂಕೇತ ಹಿಡಿಯುವ ಸಂವೇದಕ ಇರುತ್ತದೆ. ನಾನೇ ಒಮ್ಮೆ ಉದಾರವಾಗಿ ಎರಡನ್ನೂ ಮುಚ್ಚಿ, ರಿಮೋಟಿಗೆ ಎರಡು ಸಲ ಬ್ಯಾಟರಿ ಬದಲಿಸಿ, ಅದನ್ನು ಬೈದು, ಕೊನೆಗೆ ಟೇಪಿನ ತುದಿ ಕಂಡು ನಾಚಿದ್ದೇನೆ. ಹೊಗೆ ಎಚ್ಚರಿಕೆಯ ಯಂತ್ರದ ದೀಪವನ್ನೂ ಕ್ಯಾಮೆರಾ ಚಾಲೂ ಇದೆಯೆಂದು ಹೇಳುವ ದೀಪವನ್ನೂ ಮುಚ್ಚಲೇಬಾರದು.

ಉಳಿದ ಅಂಟಿಗೆ: ವಿದ್ಯುತ್ ಸಂಪರ್ಕ ತೆಗೆದು, ಬಟ್ಟೆಯ ತುದಿಗೆ ಒಂದು ಹನಿ ಅಡುಗೆ ಎಣ್ಣೆ ಹಾಕಿ ಒತ್ತಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಅಂಟು ಸಡಿಲಗೊಂಡು ಉಂಡೆಯಾಗಿ ಬರುತ್ತದೆ. ಜಿಡ್ಡು ಒರೆಸಿದ ಮೇಲೆಯೇ ಹೊಸ ಟೇಪ್, ಇಲ್ಲದಿದ್ದರೆ ಅದೂ ಜಾರುತ್ತದೆ.

ಪ್ರಶ್ನೆ: ಟೇಪಿನ ಬದಲು ಉಗುರುಬಣ್ಣ ಬಳಿಯಬಹುದೇ?

ಉತ್ತರ: ಬೇಡ. ಅದರ ದ್ರಾವಕ ಕೆಲವು ಪ್ಲಾಸ್ಟಿಕ್ಕುಗಳನ್ನು ಮಂಕು ಮಾಡಿ ಬಿರುಕು ಬಿಡಿಸುತ್ತದೆ. ಅಳಿಸಲು ಅಸಿಟೋನ್ ಹಚ್ಚಿದರಂತೂ ಉಳಿದ ಹೊಳಪೂ ಹೋಗುತ್ತದೆ. ಟೇಪಾದರೆ ಬೇಡವೆನಿಸಿದ ದಿನ ಕಿತ್ತು ಬಿಸಾಡಬಹುದು.