ಪುಟ್ಟ ಕಾರಿನ ಬೆನ್ನಿಗೆ ಟ್ರೇಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್ ಇದೆ. ಖಾಲಿ ಕಾರಿನ ತೂಕ 950 ಕೆ.ಜಿ. ತಿಂಗಳಿಗೆ ಎರಡು ಮೂರು ಬಾರಿ ಸಾಮಾನು ಸಾಗಿಸಲು ಬ್ರೇಕ್ ಇಲ್ಲದ ಎರಡು ಚಕ್ರದ ಟ್ರೇಲರ್ ಕೊಳ್ಳಬೇಕೆಂದಿದ್ದೇನೆ. ಸಾಮಾನು ಸೇರಿ ಅದರ ತೂಕ 400 ಕೆ.ಜಿ. ದಾಟುವುದಿಲ್ಲ. ಇಷ್ಟು ಚಿಕ್ಕ ಎಂಜಿನ್ನಿಗೆ ಎಳೆಯುವ ಶಕ್ತಿ ಇದೆಯೇ? ಹಿಂದಿನ ಬಂಪರಿನ ಹತ್ತಿರ ಕೊಂಡಿ ಬೆಸೆದು ಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ.

ಉತ್ತರ: ಎಳೆಯುತ್ತದೆ. ಇಂಥ ಪ್ರಶ್ನೆ ಬರೆಯುವವರೆಲ್ಲ ಎಂಜಿನ್ನಿನ ಬಗ್ಗೆಯೇ ಕೇಳುತ್ತಾರೆ, ನನಗೆ ಅತಿ ಕಡಿಮೆ ಚಿಂತೆ ಇರುವುದೂ ಅದರ ಬಗ್ಗೆಯೇ. ಮಟ್ಟಸವಾದ ರಸ್ತೆಯಲ್ಲಿ 400 ಕೆ.ಜಿ. ಟ್ರೇಲರನ್ನು ನಿಧಾನವಾಗಿ ಉರುಳಿಸಲು ಬೇಕಾಗುವುದು ಐದಾರು ಕೆ.ಜಿ. ತೂಕವನ್ನು ಎತ್ತಿ ಹಿಡಿಯುವಷ್ಟು ಬಲ ಮಾತ್ರ. ಅದೇ ರಸ್ತೆ 100 ಮೀಟರಿಗೆ 10 ಮೀಟರ್ ಏರತೊಡಗಿದರೆ ಆ ಬಲ ಸುಮಾರು 45 ಕೆ.ಜಿ.ಯಷ್ಟಾಗುತ್ತದೆ. ಬಯಲಿನಲ್ಲಿ ಓಡಿಸಿ ನೋಡಿ, ‘ಹಿಂದೆ ಏನೂ ಇಲ್ಲವೇನೋ ಅನ್ನಿಸಿತು’ ಎಂದು ಹಿಗ್ಗಿದವರು ಮೊದಲ ಏರಿನಲ್ಲಿ ಬೆವರುವುದು ಇದಕ್ಕೇ. ಆಗಲೂ ಎಂಜಿನ್ ಸೋಲುವುದಿಲ್ಲ, ಸವೆಯುವುದು ಕ್ಲಚ್. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕಿನಿಂದ ಗಾಡಿಯನ್ನು ಹಿಡಿದು, ಕ್ಲಚ್ಚನ್ನು ಆದಷ್ಟು ಬೇಗ ಪೂರ್ತಿ ಬಿಟ್ಟು ಹೊರಡಿ. ಅರ್ಧ ಕ್ಲಚ್ಚಿನಲ್ಲಿ ತೂಗಾಡುತ್ತ ನಿಲ್ಲುವ ಅಭ್ಯಾಸವಿದ್ದರೆ ಟ್ರೇಲರ್ ಕೊಳ್ಳುವ ಮೊದಲೇ ಅದನ್ನು ಬಿಡಿ.

ನೀವು ಕೇಳದೆ ಬಿಟ್ಟ ಪ್ರಶ್ನೆ ನಿಲ್ಲಿಸುವುದರದ್ದು. ಟ್ರೇಲರಿಗೆ ಬ್ರೇಕ್ ಇಲ್ಲ ಎಂದರೆ ಅದರ 400 ಕೆ.ಜಿ.ಯನ್ನೂ ನಿಲ್ಲಿಸುವುದು ನಿಮ್ಮ ಕಾರಿನ ನಾಲ್ಕು ಟೈರುಗಳೇ. ಟೈರಿನ ಹಿಡಿತ ಮೊದಲಿದ್ದಷ್ಟೇ, ನಿಲ್ಲಿಸಬೇಕಾದ ಭಾರ ಮಾತ್ರ ಸುಮಾರು ಶೇ 40ರಷ್ಟು ಹೆಚ್ಚು. ತುರ್ತಾಗಿ ಬ್ರೇಕ್ ಒತ್ತಿದಾಗ 40 ಮೀಟರಿನಲ್ಲಿ ನಿಲ್ಲುತ್ತಿದ್ದ ಕಾರಿಗೆ ಈಗ ಹೆಚ್ಚುಕಡಿಮೆ 55 ಮೀಟರ್ ಬೇಕು. ಆ 15 ಮೀಟರಿನಲ್ಲಿ ಮೂರು ಕಾರುಗಳು ಸಾಲಾಗಿ ನಿಲ್ಲುತ್ತವೆ. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೇಲರಿಗೆ 750 ಕೆ.ಜಿ. ಗಡಿಯ ಜೊತೆಗೆ ಕಾರಿನ ತೂಕದ ಅರ್ಧವನ್ನು ಮೀರಬಾರದೆಂಬ ಇನ್ನೊಂದು ಗಡಿಯೂ ಇರುವುದು ಈ ಕಾರಣಕ್ಕೆ. ನಿಮ್ಮ ಲೆಕ್ಕ ಆ ಗಡಿಯೊಳಗೇ ಇದೆ, ಆದರೆ ಅಂಚಿಗೆ ಹತ್ತಿರ. ನಾನಾಗಿದ್ದರೆ ಮೊದಲ ಕೆಲವು ತಿಂಗಳು 300 ಕೆ.ಜಿ.ಗೆ ನಿಲ್ಲಿಸುತ್ತಿದ್ದೆ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇರಬೇಡಿ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿಗೇ ಗಾಡಿಯನ್ನು ತಡೆಯಲು ಬಿಡಿ.

ಇನ್ನು ಕಾರಿನ ಕೈಪಿಡಿ ತೆಗೆದು ನೋಡಿ. ಎಳೆಯಬಹುದಾದ ತೂಕಕ್ಕೆ ಅದರಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ಬ್ರೇಕ್ ಇರುವ ಟ್ರೇಲರಿಗೊಂದು, ಇಲ್ಲದ್ದಕ್ಕೊಂದು. ನಿಮಗೆ ಬೇಕಾದದ್ದು ಎರಡನೆಯದು, ಚಿಕ್ಕದು. ಕೊಂಡಿಯ ಮೇಲೆ ಕೂರಬಹುದಾದ ಭಾರದ ಮಿತಿಯನ್ನೂ ಬರೆದುಕೊಳ್ಳಿ. ಈ ಕಾರು ಟ್ರೇಲರ್ ಎಳೆಯಲು ತಕ್ಕುದಲ್ಲ ಎಂದು ಅಲ್ಲಿ ಬರೆದಿದ್ದರೆ ಮಾತು ಮುಗಿಯಿತು, ಯಾವ ಮೆಕ್ಯಾನಿಕ್ಕಿನ ಭರವಸೆಯೂ ಅದನ್ನು ಬದಲಿಸುವುದಿಲ್ಲ. ಆ ನಿಷೇಧದ ಹಿಂದೆ ಹಿಂಭಾಗದ ಚೌಕಟ್ಟಿನ ಬಲ, ಎಂಜಿನ್ ತಂಪಾಗಿಸುವ ವ್ಯವಸ್ಥೆ, ಗೇರ್‌ಬಾಕ್ಸ್ ಹೀಗೆ ಏನಾದರೊಂದು ಕಾರಣ ಇದ್ದೇ ಇರುತ್ತದೆ. ಟ್ರೇಲರಿಗೆ ಯಾವ ನೋಂದಣಿ, ಯಾವ ಪರವಾನಗಿ ಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ವಿಮೆಯವರನ್ನೂ ಒಮ್ಮೆ ಕೇಳಿ.

ಬಂಪರಿಗೆ ಬೆಸೆಯುವ ಮಾತು ಬೇಡವೇ ಬೇಡ. ಇಂದಿನ ಸಣ್ಣ ಕಾರುಗಳ ಬಂಪರ್ ಎಂದರೆ ಹೊರಗೆ ಕಾಣುವುದು ಪ್ಲಾಸ್ಟಿಕ್ಕಿನ ಹೊದಿಕೆ, ಒಳಗಿರುವುದು ಗುದ್ದಿದಾಗ ನಜ್ಜುಗುಜ್ಜಾಗಲೆಂದೇ ಮಾಡಿದ ತೆಳು ತಗಡು. ನಿಮ್ಮ ಮಾದರಿಗೆಂದೇ ಮಾಡಿದ, ಕಾರಿನ ತಳದ ಚೌಕಟ್ಟಿನ ಉದ್ದಪಟ್ಟಿಗಳಿಗೆ ಬೋಲ್ಟ್ ಹಾಕಿ ಬಿಗಿಯುವ ಕೊಂಡಿಯೇ ಬೇಕು. ಡಿಕ್ಕಿಯಲ್ಲಿ ಜ್ಯಾಕಿನ ಜೊತೆ ಇರುವ, ತಿರುಗಿಸಿ ಕೂರಿಸುವ ಉಂಗುರವನ್ನು ಕೊಂಡಿ ಎಂದು ತಿಳಿದವರನ್ನೂ ಕಂಡಿದ್ದೇನೆ. ಅದು ಕೆಟ್ಟು ನಿಂತ ಕಾರನ್ನು ಎಳೆಯಲು ಇರುವುದು. ಕೊಂಡಿಯ ಗುಂಡಿನ ಅಳತೆ ಟ್ರೇಲರಿನ ಬಟ್ಟಲಿಗೆ ಸರಿಯಾಗಿ ಹೊಂದಬೇಕು: 50 ಮಿ.ಮೀ., 50.8 ಮಿ.ಮೀ., 47.6 ಮಿ.ಮೀ. ಎಂದು ಮೂರು ಅಳತೆಗಳು ಓಡಾಡುತ್ತವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ದೊಡ್ಡ ಬಟ್ಟಲಿಗೆ ಚಿಕ್ಕ ಗುಂಡು ಕೂತೂ ಬಿಡುತ್ತದೆ, ರಸ್ತೆಯ ಮೊದಲ ದೊಡ್ಡ ಹಳ್ಳದಲ್ಲಿ ಹಾರಿ ಕಳಚಿಕೊಳ್ಳುತ್ತದೆ. ರಕ್ಷಣಾ ಸರಪಳಿಗಳು ಎರಡಿದ್ದರೆ ಮೂಕಿಯ (ಟ್ರೇಲರಿನಿಂದ ಕೊಂಡಿಯವರೆಗೆ ಚಾಚಿದ ತೊಲೆಯ) ಅಡಿಯಲ್ಲಿ ಕತ್ತರಿಯಂತೆ ಹಾಯಿಸಿ ಸಿಕ್ಕಿಸಿ. ಕೊಂಡಿ ಕಳಚಿದರೂ ಮೂಕಿ ಅವುಗಳ ಮೇಲೆ ಬೀಳುತ್ತದೆ, ನೆಲಕ್ಕೆ ಚುಚ್ಚಿಕೊಳ್ಳುವುದಿಲ್ಲ.

ಪ್ರಶ್ನೆ: ಗಂಟೆಗೆ 70 ಕಿ.ಮೀ. ದಾಟುತ್ತಿದ್ದಂತೆ ನನ್ನ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಕಾರೂ ಅದರ ಜೊತೆ ಅಲುಗುತ್ತದೆ. ಸಣ್ಣ ಕಾರಿನ ಹಿಂಭಾಗ ಕುಸಿಯದಿರಲೆಂದು ಭಾರದ ಸಾಮಾನುಗಳನ್ನು ಟ್ರೇಲರಿನ ಹಿಂತುದಿಯಲ್ಲೇ ಇಡುತ್ತೇನೆ. ಮೂಕಿಯನ್ನು ಒಂದು ಕೈಯಲ್ಲಿ ಎತ್ತಬಹುದು. ಆದರೂ ಹೀಗೇಕೆ?

ಉತ್ತರ: ‘ಆದರೂ’ ಅಲ್ಲ, ‘ಆದ್ದರಿಂದಲೇ’. ಎತ್ತಿನ ಗಾಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಗೊತ್ತು. ಹಿಂಭಾರವಾದ ಗಾಡಿಯಲ್ಲಿ ಮೂಕಿಯೂ ನೊಗವೂ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಕಾರಿನ ಹಿಂದೆಯೂ ಅದೇ ಲೆಕ್ಕ, ಆದರೆ ಇಲ್ಲಿ ವೇಗ ಸೇರಿಕೊಳ್ಳುತ್ತದೆ. ಹಿಂತುದಿಯಲ್ಲಿ ಕೂತ ಭಾರ ಗಾಳಿಯ ಒಂದು ಹೊಡೆತಕ್ಕೆ ಲೋಲಕದಂತೆ ತೂಗಲು ಶುರುಮಾಡುತ್ತದೆ. ಕಡಿಮೆ ವೇಗದಲ್ಲಿ ಆ ತೂಗಾಟ ತಾನಾಗಿ ಅಡಗುತ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ನಿಮ್ಮ ಟ್ರೇಲರಿಗೆ ಆ ವೇಗ 70ರ ಆಸುಪಾಸಿನಲ್ಲಿದೆ. ಭಾರವನ್ನು ಸರಿಪಡಿಸುವವರೆಗೆ ಅದರ ಹತ್ತಿರವೂ ಹೋಗಬೇಡಿ.

ಮುಂಭಾರ, ಎಂದರೆ ಮೂಕಿಯ ತುದಿ ಕೊಂಡಿಯನ್ನು ಕೆಳಕ್ಕೆ ಒತ್ತುವ ಭಾರ, ಎಷ್ಟಿರಬೇಕು? ಅಮೆರಿಕದ ರೂಢಿ ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15, ಯುರೋಪಿನದು ಅದಕ್ಕಿಂತ ಕಡಿಮೆ, ಶೇ 5ರಿಂದ 7ರ ಸುತ್ತ. 400 ಕೆ.ಜಿ. ಟ್ರೇಲರಿಗೆ ನಾನು 30ರಿಂದ 40 ಕೆ.ಜಿ. ಇಡುತ್ತೇನೆ, ಕಾರಿನ ಕೊಂಡಿಯ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ಕೊನೆ. ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರ ಸಾಕು. ಮಟ್ಟಸವಾದ ನೆಲದಲ್ಲಿ ಚಕ್ರಗಳಿಗೆ ಅಡ್ಡ ಕೊಟ್ಟು, ಯಂತ್ರದ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ, ಕಾರಿಗೆ ಕಟ್ಟಿದಾಗ ಇರುವಷ್ಟೇ ಎತ್ತರದಲ್ಲಿ ಮೂಕಿಯ ತುದಿಯನ್ನು ಅದರ ಮೇಲೆ ಇಳಿಸಿ. ಭಾರದ ವಸ್ತುಗಳನ್ನು ಅಚ್ಚಿನ ಮೇಲೆ, ಅದಕ್ಕಿಂತ ತುಸು ಮುಂದೆ, ತಳದಲ್ಲೇ ಇಟ್ಟು ಹಗ್ಗ ಬಿಗಿಯಿರಿ. ಹಗುರವಾದವು ತುದಿಗಳಿಗೆ ಹೋಗಲಿ.

ಕಾರಿನ ಹಿಂಭಾಗ ಕುಸಿಯುವ ನಿಮ್ಮ ಭಯ ಹುರುಳಿಲ್ಲದ್ದೇನಲ್ಲ. ಕೊಂಡಿ ಹಿಂದಿನ ಅಚ್ಚಿಗಿಂತ 0.9 ಮೀಟರ್ ಹಿಂದಿದೆ, ಎರಡು ಅಚ್ಚುಗಳ ನಡುವೆ 2.4 ಮೀಟರ್ ಇದೆ ಎಂದಿಟ್ಟುಕೊಳ್ಳಿ. ಕೊಂಡಿಯ ಮೇಲೆ 40 ಕೆ.ಜಿ. ಕೂತರೆ ಹಿಂದಿನ ಅಚ್ಚಿಗೆ ಬೀಳುವುದು 55 ಕೆ.ಜಿ. ಹೆಚ್ಚಿನ 15 ಕೆ.ಜಿ. ಮುಂದಿನ ಚಕ್ರಗಳಿಂದ ಎತ್ತಿಕೊಂಡದ್ದು. ಎಂಜಿನ್ ತಿರುಗಿಸುವುದೂ ಸ್ಟಿಯರಿಂಗ್ ತಿರುಗಿಸುವುದೂ ಆ ಮುಂದಿನ ಚಕ್ರಗಳನ್ನೇ, ಹಾಗಾಗಿ ಒದ್ದೆ ಏರಿನಲ್ಲಿ ಅವು ಜಾರುವುದುಂಟು. ಪರಿಹಾರ ಕಾರಿನೊಳಗಿದೆ: ಡಿಕ್ಕಿಯನ್ನು ಖಾಲಿ ಬಿಡಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಬೇಡಿ, ಹಿಂದಿನ ಟೈರುಗಳಿಗೆ ತುಂಬು ಭಾರಕ್ಕೆ ಹೇಳಿದಷ್ಟು ಗಾಳಿ ತುಂಬಿಸಿ. ಕೊಂಡಿಯ ಭಾರವೂ ಕಾರು ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಓಲಾಟ ಶುರುವಾಗಿಯೇ ಬಿಟ್ಟರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟಿಯರಿಂಗನ್ನು ನೇರವಾಗಿ ಹಿಡಿಯಿರಿ, ಅಷ್ಟೇ. ಓಲಾಟಕ್ಕೆ ಎದುರಾಗಿ ತಿರುಗಿಸಲು ಹೋದರೆ ನಿಮ್ಮ ಕೈ ಪ್ರತಿ ಸಲವೂ ಅರೆಕ್ಷಣ ತಡವಾಗಿ ತಿರುಗಿ ಅದಕ್ಕೆ ತಾಳ ಹಾಕುತ್ತದೆ. ವೇಗ ಹೆಚ್ಚಿಸಿದರೆ ಗಾಡಿ ನೇರವಾಗುತ್ತದೆ ಎಂಬ ಹಳೆಯ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕಿ ಕಾರನ್ನೇ ಅಡ್ಡ ತಿರುಗಿಸಬಹುದು.

ಭಾರ ಸರಿಪಡಿಸಿದ ಮೇಲೂ ಅಲುಗಿದರೆ ಟೈರಿನ ಗಾಳಿ, ಚಕ್ರದ ಬೇರಿಂಗ್ ನೋಡಿ. ಟ್ರೇಲರಿನ ಚಕ್ರ ಚಿಕ್ಕದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗಿದರೆ 8 ಇಂಚಿನ ರಿಮ್ಮಿನ ಪುಟ್ಟ ಚಕ್ರ ಸಾವಿರ ದಾಟುತ್ತದೆ. ಅರ್ಧ ಗಂಟೆ ಓಡಿದ ಮೇಲೆ ನಿಂತು ಚಕ್ರದ ಗುಂಬವನ್ನು (ನಡುವಿನ ಹಬ್ ಅನ್ನು) ಹುಷಾರಾಗಿ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಗ್ರೀಸ್ ಒಣಗಿದೆ ಅಥವಾ ಬೇರಿಂಗ್ ಹೋಗಿದೆ.

ಪ್ರಶ್ನೆ: ಬ್ರೇಕ್ ಒತ್ತಿದಾಗ ಟ್ರೇಲರಿನ ಇಂಡಿಕೇಟರ್ ಕೂಡ ಮಂದವಾಗಿ ಹೊತ್ತಿಕೊಳ್ಳುತ್ತದೆ. ಬಲ್ಬುಗಳನ್ನೆಲ್ಲ ಬದಲಿಸಿದ್ದಾಯಿತು.

ಉತ್ತರ: ಬಲ್ಬಿನ ತಪ್ಪಲ್ಲ, ಅರ್ಥಿಂಗಿನದು. ಮರಳಿ ಹೋಗಲು ಸರಿಯಾದ ದಾರಿ ಸಿಗದ ವಿದ್ಯುತ್ ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿದೆ. ಗ್ರೀಸ್ ಹಚ್ಚಿದ ಕೊಂಡಿಯ ಗುಂಡನ್ನೇ ಅರ್ಥಿಂಗ್ ಎಂದು ನಂಬಿದ ಟ್ರೇಲರುಗಳಲ್ಲಿ ಇದು ಮಾಮೂಲು. ಸಾಕೆಟ್ಟಿನ ಬಿಳಿ ತಂತಿಯನ್ನು (ಅರ್ಥಿಂಗಿನದು ಅದೇ) ತುಕ್ಕು ಕೆರೆದ ಕಬ್ಬಿಣಕ್ಕೆ ಬೋಲ್ಟಿನಿಂದ ಬಿಗಿಯಿರಿ. ಕಾರಿನ ದೀಪದ ತಂತಿಗಳನ್ನು ಸುಲಿದು ನೇರವಾಗಿ ಜೋಡಿಸಿದ್ದರೆ ಅದನ್ನೂ ಬಿಚ್ಚಿಸಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ವಿದ್ಯುತ್ ಪಡೆಯುವ ರಿಲೇ ಹಾಕಿಸಿ.

ಪ್ರಶ್ನೆ: ರಿವರ್ಸ್ ಹೋಗುವಾಗ ಟ್ರೇಲರ್ ಕ್ಷಣದಲ್ಲೇ ಮಡಿಚಿಕೊಳ್ಳುತ್ತದೆ. ದೊಡ್ಡ ಟ್ರೇಲರುಗಳನ್ನೇ ಸಲೀಸಾಗಿ ಹಿಂದಕ್ಕೆ ಬಿಡುವವರಿದ್ದಾರಲ್ಲ?

ಉತ್ತರ: ದೊಡ್ಡದೇ ಸುಲಭ! ಕೊಂಡಿ ಮತ್ತು ಟ್ರೇಲರಿನ ಅಚ್ಚಿನ ನಡುವಿನ ಅಂತರ ಕಡಿಮೆಯಾದಷ್ಟೂ ಟ್ರೇಲರ್ ಬೇಗ ತಿರುಗುತ್ತದೆ. ಸ್ಟಿಯರಿಂಗಿನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈಯನ್ನು ಸರಿಸಿ. ಕನ್ನಡಿಯಲ್ಲಿ ಟ್ರೇಲರ್ ದೊಡ್ಡದಾಗಿ ಕಾಣತೊಡಗಿದರೆ ನಿಂತು, ಸ್ವಲ್ಪ ಮುಂದಕ್ಕೆ ಹೋಗಿ ನೇರ ಮಾಡಿಕೊಳ್ಳಿ. ನೆಲ ಮಟ್ಟಸವಾಗಿದ್ದು ಟ್ರೇಲರ್ ಖಾಲಿಯಿದ್ದರೆ ನಾನು ಇದಾವುದನ್ನೂ ಮಾಡುವುದಿಲ್ಲ, ಕೊಂಡಿ ಬಿಚ್ಚಿ ಕೈಯಲ್ಲೇ ತಳ್ಳಿಕೊಂಡು ಹೋಗಿ ನಿಲ್ಲಿಸುತ್ತೇನೆ.